ಗಾಜಿನ ಪೆಟ್ಟಿಗೆಯ ಮಗುವಿಗೂ ಒಂದು ಫೋಟೋ ಬೇಕು

(ರೈತರ ಮತ್ತು ಮಹಿಳಾ ಮಂಡಲದ ಕೂಡು ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಗ್ರಾಮಸೇವಕನೆಂದರೆ ಬೀಜ, ಗೊಬ್ಬರ, ಬೋರ್ಡೋ ದ್ರಾವಣಗಳ ಮಾತನಾಡುವವನೆಂದು ನೀವು ಬಲ್ಲಿರಿ. ನಾನು ಓದಿರುವುದೂ ಕೃಷಿ ಡಿಪ್ಲೊಮಾವನ್ನೇ, ನಾನು ವೈದ್ಯನಲ್ಲ. ಆದರೆ ಮನೆಮನೆ ತಿರುಗುವವನ ಕಿವಿಗೆ ಬೆಳೆಯ ಸುದ್ದಿಯೊಂದೇ ಬೀಳುವುದಿಲ್ಲ. "ಸೊಸೆಗೆ ಏಳೂವರೆ ತಿಂಗಳಿಗೇ ಹೆರಿಗೆಯಾಯಿತು, ಮಗುವನ್ನು ಮಂಗಳೂರಿನಲ್ಲಿ ಪೆಟ್ಟಿಗೆಯಲ್ಲಿಟ್ಟಿದ್ದಾರೆ" ಎಂಬ ಮಾತೂ ಬೀಳುತ್ತದೆ. ಈ ಹೊತ್ತು ಆ ಮಗುವಿನ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

37 ವಾರ ತುಂಬುವ ಮುಂಚೆ ಹುಟ್ಟಿದ್ದು ಅವಧಿಪೂರ್ವ ಶಿಶು. ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಶಿಶು. ಇಂಥ ಮಗುವಿಗೆ ತನ್ನ ಮೈಯ ಬಿಸಿಯನ್ನು ತಾನೇ ಉಳಿಸಿಕೊಳ್ಳುವ ಶಕ್ತಿ ಸಾಲದು. ಉಸಿರಾಟ ಬಲಹೀನ, ಚೀಪುವ ಶಕ್ತಿ ಕಡಿಮೆ. ಆದುದರಿಂದಲೇ ಕಾವು ಕೊಡುವ ಪೆಟ್ಟಿಗೆ, ಆಮ್ಲಜನಕ, ಮೂಗಿನ ಕೊಳವೆ. ಮಂಗಳೂರಿನ ಲೇಡಿಗೋಷನ್ ಸರಕಾರಿ ಆಸ್ಪತ್ರೆಗೆ ನಮ್ಮ ಜಿಲ್ಲೆಯವರಷ್ಟೇ ಅಲ್ಲ, ನೆರೆಯ ಜಿಲ್ಲೆಗಳವರೂ ಬರುತ್ತಾರೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿನ ಚಿಕಿತ್ಸೆಯೂ ವಾಹನವೂ ಉಚಿತ. ಖರ್ಚಿಗೆ ಹೆದರಿ ತಡ ಮಾಡಬೇಡಿರಿ.

ಈಗ ತಾಯಿಯ ಕಷ್ಟ ನೋಡಿರಿ. ಸುಳ್ಯದಲ್ಲೋ ಬೆಳ್ತಂಗಡಿಯಲ್ಲೋ ಆಪರೇಷನ್ ಆಗಿ ಆಕೆ ಮಲಗಿರುತ್ತಾಳೆ. ಮಗುವನ್ನು ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಒಯ್ಯುತ್ತಾರೆ; ಜೊತೆಗೆ ಹೋಗುವವನು ತಂದೆ ಅಥವಾ ಮಾವ. ಎರಡು ಮೂರು ದಿನ ಹೆತ್ತವಳೇ ಮಗುವಿನ ಮುಖ ಕಾಣಳು. "ಚೆನ್ನಾಗಿದೆ" ಎಂದರೆ ನಂಬಿಕೆ ಬಾರದು, ಸುಮ್ಮನಿದ್ದರೆ ಭಯ. ಇಂಥ ವೇಳೆ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಆಕೆಗೆ ಯಾವ ಸಮಾಧಾನದ ಮಾತಿಗಿಂತಲೂ ಹೆಚ್ಚು. ಮಗುವಿನ ಮುಖ ನೋಡಿದ ತಾಯಿಗೆ ಎದೆಹಾಲು ಹಿಂಡುವ ಮನಸ್ಸು ಬರುತ್ತದೆ. ಎರಡು ಮೂರು ಗಂಟೆಗೊಮ್ಮೆ ಹಿಂಡಿದರಷ್ಟೇ ಹಾಲು ನಿಲ್ಲದೆ ಬರುತ್ತದೆ. ಆ ಹಾಲೇ ಎಳೆಯ ಮಗುವಿಗೆ ಮೊದಲ ಔಷಧ.

"ಎಳೆಮಗುವಿನ ಫೋಟೋ ತೆಗೆಯಬಾರದು, ದೃಷ್ಟಿಯಾಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ" ಎನ್ನುವ ಅಜ್ಜಿಯರು ನಮ್ಮಲ್ಲಿ ಇದ್ದಾರೆ. ಅವರು ಹೇಳುವುದು ಪ್ರೀತಿಯಿಂದಲೇ. ಆದರೆ ಒಂದು ಸಂಗತಿ ಕೇಳಿರಿ. ತೀರ ಮುಂಚೆ ಹುಟ್ಟಿದ ಮಕ್ಕಳ ಕಣ್ಣಿನ ಹಿಂಬದಿಯ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರುವುದುಂಟು. ಇದನ್ನು ಹಿಡಿಯಲು ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆ ಆರಂಭಿಸಿದರು. ತರಬೇತಾದ ಕೆಲಸಗಾರರು ಕ್ಯಾಮರಾ ಹೊತ್ತು ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗಿ ಶಿಶುವಿನ ಕಣ್ಣಿನೊಳಗಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಆ ಚಿತ್ರ ನೋಡಿ ಚಿಕಿತ್ಸೆ ಹೇಳುತ್ತಾರೆ. ಕಣ್ಣು ಬೀಳುತ್ತದೆಂದು ನಾವು ಹೆದರುವ ಫೋಟೋವೇ ಮಗುವಿನ ಕಣ್ಣನ್ನು ಉಳಿಸುತ್ತದೆ! ನಿಮ್ಮ ಮಗು ಎರಡು ಕಿಲೋಗಿಂತ ಕಡಿಮೆ ಇದ್ದರೆ, ಇಲ್ಲವೇ 34 ವಾರಕ್ಕೆ ಮುಂಚೆ ಹುಟ್ಟಿದ್ದರೆ, 30 ದಿನದೊಳಗೆ ಕಣ್ಣಿನ ಪರೀಕ್ಷೆ ಮಾಡಿಸಲೇಬೇಕು. ಮನೆಗೆ ಬಂದಾಯಿತೆಂದು ಬಿಡಕೂಡದು.

ಫೋಟೋ ತೆಗೆಯುವುದಕ್ಕೂ ಕ್ರಮವಿದೆ:

1. ಮೊದಲು ದಾದಿಯರ ಅಪ್ಪಣೆ ಕೇಳಿರಿ. ಬೇಡವೆಂದರೆ ವಾದ ಬೇಡ. ಯಾವಾಗ ತೆಗೆಯಬಹುದೆಂದು ಕೇಳಿರಿ.

2. ಮೊಬೈಲು ದಿನವಿಡೀ ಕೈಯಲ್ಲಿರುವ ವಸ್ತು. ಅದರಲ್ಲಿ ರೋಗಾಣುಗಳು ಇರುತ್ತವೆ. ಅದನ್ನು ಒರೆಸಿ, ಬಳಿಕ ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿರಿ.

3. ಫ್ಲ್ಯಾಶ್ ಬೆಳಕನ್ನೂ ರಿಂಗಿನ ಸದ್ದನ್ನೂ ನಿಲ್ಲಿಸಿರಿ. ಎಳೆಯ ಜೀವ ಬೆಚ್ಚಿಬೀಳುತ್ತದೆ.

4. ಪಕ್ಕದ ಮಗುವೋ ಇನ್ನೊಬ್ಬ ತಾಯಿಯೋ ಚಿತ್ರದಲ್ಲಿ ಬರಬಾರದು.

5. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ ಊರಿಗೆಲ್ಲ ಹಂಚಬೇಡಿರಿ. ಇದು ಮನೆಯ ಸೊತ್ತು.

6. ಮಗುವಿನ ಗಾತ್ರ ತೋರಲು ನಾಣ್ಯ, ಉಂಗುರ ಪೆಟ್ಟಿಗೆಯೊಳಗೆ ಇಡಬೇಡಿರಿ. ದಾದಿಯರು ಒಪ್ಪಿದರೆ ತಾಯಿಯ ಬೆರಳು ಹಿಡಿದ ಪುಟ್ಟ ಕೈಯ ಚಿತ್ರ ಸಾಕು.

ಫೋಟೋದೊಡನೆ ಎರಡು ರೂಪಾಯಿಯ ಲೆಕ್ಕವನ್ನೂ ಬರೆದಿಡುವ ನೀವು ಒಂದು ಪುಸ್ತಕವನ್ನೂ ಇಡಿರಿ. ತಾರೀಕು, ತೂಕ ಎಷ್ಟು ಗ್ರಾಂ, ಹಾಲು ಎಷ್ಟು ಮಿಲಿ, ಯಾವ ದಿನ ಆಮ್ಲಜನಕ ತೆಗೆದರು, ಯಾವ ದಿನ ತಾಯಿ ಮೊದಲು ಎತ್ತಿಕೊಂಡಳು ಎಂದು ಬರೆಯಿರಿ. ಮೊದಲ ವಾರ ತೂಕ ಕೊಂಚ ಇಳಿಯುವುದು ಸಹಜ. ಬಳಿಕ ಏರುವುದನ್ನು ನಿಮ್ಮ ಬರಹದಲ್ಲೇ ಕಾಣುವಿರಿ. ಮುಂದೆ ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಬಿಡುಗಡೆಯ ಚೀಟಿಯೊಡನೆ ಈ ಪುಸ್ತಕವನ್ನೂ ತೋರಿಸಿರಿ.

ತಂದೆಯಾದವರು ಹೊರಗಿನ ಬೆಂಚಿನಲ್ಲಿ ಕಾಯುವವರಾಗಿಯೇ ಉಳಿಯಬೇಕಾಗಿಲ್ಲ. ತಂದೆತಾಯಿಗಳಿಗೆ ಕಲಿಸಿ ಶಿಶುವಿನ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2017ರಲ್ಲಿ ಸೂಚನೆಗಳನ್ನು ಹೊರಡಿಸಿದೆ. ಕಾಂಗರೂ ಆರೈಕೆ, ಎಂದರೆ ಮಗುವನ್ನು ಬರಿಯ ಎದೆಗೆ ಒತ್ತಿ ಹಿಡಿಯುವುದು, 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಆರಂಭವಾಯಿತು. ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟೂ ಹೆಚ್ಚು ಹೊತ್ತು ಹಿಡಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಾಯಿ ದಣಿದಾಗ ತಂದೆಯ ಎದೆಯೂ ಆದೀತು. ಗದ್ದೆಗೆ ಬಗ್ಗಿದ ಎದೆಗೆ ಒಂದೂವರೆ ಕಿಲೋ ಭಾರವೇ? ಆ ಫೋಟೋವನ್ನು ಮಾತ್ರ ತಪ್ಪದೆ ತೆಗೆಸಿಕೊಳ್ಳಿರಿ.

ಒಂದು ಕಷ್ಟದ ಮಾತನ್ನೂ ಹೇಳಬೇಕಾಗಿದೆ. ಎಲ್ಲ ಮಕ್ಕಳೂ ಮನೆಗೆ ಬರುವುದಿಲ್ಲ. ಆಗ "ಅದೇನು ನಾಲ್ಕು ದಿನದ ಮಗು, ಮರೆತುಬಿಡು" ಎಂದು ಊರು ಹೇಳುತ್ತದೆ, ಫೋಟೋ ಅಳಿಸಿಬಿಡಿ ಎನ್ನುತ್ತದೆ. ದಯವಿಟ್ಟು ಅಳಿಸಬೇಡಿರಿ. ಒಂಬತ್ತು ದಿನವಾದರೂ ಆ ಮಗು ನಿಮ್ಮ ಮನೆಯ ಮಗುವೇ ಆಗಿತ್ತು. ನೋಡುವುದೋ ಬಿಡುವುದೋ ತಾಯಿಯ ಇಷ್ಟ. ಈಗ ಬೇಡವೆಂದವಳು ವರ್ಷದ ಮೇಲೆ ಕೇಳಬಹುದು. ನಂಬಿಕೆಯವರೊಬ್ಬರು ಜೋಪಾನವಾಗಿಟ್ಟಿರಲಿ.

ಮನೆಗೆ ಬಂದ ಮಗುವೋ, ದೊಡ್ಡದಾಗಿ ಶಾಲೆಗೆ ಹೊರಟಾಗ, "ನಾನು ಇಷ್ಟೇ ಇದ್ದೆನೇ?" ಎಂದು ಕೇಳೀತು. ಆಗ ತೋರಿಸಲು ನಿಮ್ಮ ಕೈಯಲ್ಲಿ ಚಿತ್ರವಿರಲಿ. ಈ ಮಾತನ್ನು ಇಂದು ಸಭೆಗೆ ಬಾರದ ನೆರೆಮನೆಯ ಬಸುರಿಗೂ ಆಕೆಯ ಅತ್ತೆಗೂ ಮುಟ್ಟಿಸಬೇಕೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.