ದ್ರಾಕ್ಷಿಯೊಡನೆ ಬರುವ ‘ಔಷಧ’



ನಮ್ಮ ಉದಗಾಂವದಿಂದ ಕೃಷ್ಣೆಯನ್ನು ದಾಟಿದರೆ ಸಾಂಗಲಿ. ಅದರಾಚೆ ಮಿರಜ, ತಾಸಗಾಂವಗಳ ದ್ರಾಕ್ಷಿಯ ಸೀಮೆ. ಮಾಘ ಫಾಲ್ಗುಣಗಳಲ್ಲಿ ಆ ಹಣ್ಣು ನಮ್ಮ ಮನೆಗಳಿಗೆ ಬುಟ್ಟಿಗಟ್ಟಲೆ ಬರುತ್ತದೆ. ಅದರೊಡನೆ ಮತ್ತೇನು ಬರುತ್ತದೆಂಬುದನ್ನು ಕುರಿತು ನಾಲ್ಕು ಮಾತು ಅರಿಕೆ ಮಾಡಿಕೊಳ್ಳುತ್ತೇವೆ. ತೋಟಕ್ಕೆ ಸಿಂಪಡಿಸುವ ವಿಷಕ್ಕೆ ನಾವು ‘ಔಷಧ’ವೆಂದೇ ಹೆಸರಿಟ್ಟಿದ್ದೇವೆ, ಹೆಸರು ಹಿತವಾದುದರಿಂದ ಅಂಜಿಕೆಯೂ ಕಡಿಮೆಯಾಗಿದೆ.

2010ರಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಕ್ಲೋರೈಡ್ ಎಂಬ ರಾಸಾಯನಿಕದ ಶೇಷವು ಕಂಡುಬಂದಿತು. ಅದು ಕೀಟನಾಶಕವಲ್ಲ, ಬಳ್ಳಿ ಹಬ್ಬುವುದನ್ನು ತಡೆದು ಫಲ ಹೆಚ್ಚಿಸಲು ಬಳಸುವ ದ್ರವ್ಯ. ಆಗ ಅಲ್ಲಿಯ ಮಿತಿ ಕಿಲೋಗ್ರಾಮಿಗೆ 0.05 ಮಿಲಿಗ್ರಾಮು ಇತ್ತು, ಎಂದರೆ ಇಪ್ಪತ್ತು ಟನ್ನು ಹಣ್ಣಿನಲ್ಲಿ ಒಂದು ಗ್ರಾಮು. ಮಿತಿ ಮೀರಿದ ಸರಕನ್ನು ಅಲ್ಲಿಯವರು ಒಲ್ಲೆನೆಂದರು. ನಮ್ಮ ಬೆಳೆಗಾರರು ನಷ್ಟದಲ್ಲಿ ಮುಳುಗಿದರು. ಮಿತಿ ಮೀರಿದ ಹಣ್ಣನ್ನು ತಿಂದವನು ಅಂದೇ ಹಾಸಿಗೆ ಹಿಡಿಯುವನೆಂದು ಇದರ ಅರ್ಥವಲ್ಲ. ದಿನದಿನವೂ ತುಸುತುಸುವಾಗಿ ಹಲವು ಬಗೆಯ ಶೇಷಗಳು ಮೈಗೆ ಸೇರುವುದೇ ಚಿಂತೆಯ ಮಾತು. ಮೈತೂಕಕ್ಕೆ ಹೋಲಿಸಿದರೆ ಮಕ್ಕಳು ನಮಗಿಂತ ಹೆಚ್ಚು ಹಣ್ಣು ತಿನ್ನುವರು.

ಪರದೇಶಕ್ಕೆ ಹೋಗುವ ದ್ರಾಕ್ಷಿಗೆ 2006ರಿಂದ ‘ಗ್ರೇಪ್‌ನೆಟ್’ ಎಂಬ ಏರ್ಪಾಡು ಇದೆ. ತೋಟದ ನೋಂದಣಿಯಾಗುತ್ತದೆ, ಕೊಯ್ಲಿಗೆ ಮುನ್ನ ಮಾದರಿಯು ಪ್ರಯೋಗಾಲಯಕ್ಕೆ ಹೋಗುತ್ತದೆ. ನಮ್ಮ ಪೇಟೆಯ ಹಣ್ಣಿಗೂ ಕಾನೂನಿನ ಮಿತಿಗಳುಂಟು. ತೋಟತೋಟದ ಪರೀಕ್ಷೆ ಮಾತ್ರ ಇಲ್ಲ. ಸಮುದ್ರ ದಾಟುವ ಗೊಂಚಲಿಗೆ ಇರುವ ಕಾವಲು ಕೃಷ್ಣೆ ದಾಟುವ ಗೊಂಚಲಿಗೆ ಇಲ್ಲ.

ತೊಳೆದರೆ ಸಾಲದೇ ಎಂದು ತಾಯಂದಿರು ಕೇಳಬಹುದು. ಹಣ್ಣಿನ ಮೇಲಿನ ಬೂದಿಯಂಥ ಬಿಳುಪು ಬಹುಮಟ್ಟಿಗೆ ದ್ರಾಕ್ಷಿಯದೇ ಮೇಣ; ಅದಕ್ಕೆ ಅಂಜಬೇಕಾಗಿಲ್ಲ. ಸಿಪ್ಪೆಯ ಮೇಲೆ ನಿಂತ ಔಷಧವು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಕಡಿಮೆಯಾಗುತ್ತದೆ. ಬಳ್ಳಿಯೊಳಗೆ ಇಳಿದು ರಸದಲ್ಲಿ ಬೆರೆತದ್ದು ನೀರಿಗೆ ಬಗ್ಗದು. ಅದಕ್ಕೆ ಕಾಲವೇ ಉಪಾಯ. ಕಡೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂಬುದನ್ನು ಗೊತ್ತುಮಾಡಿರುತ್ತಾರೆ. ಪೇಟೆಯ ದರ ಏರಿದ ವಾರ, ಅಕಾಲದ ಮೋಡ ಕವಿದ ವಾರ, ಆ ದಿನಗಳು ಕರಗಿಹೋಗುತ್ತವೆ. ಸಾಲದ ಭಾರ ಹೊತ್ತ ಬೆಳೆಗಾರನನ್ನು ಇದಕ್ಕಾಗಿ ಹಳಿಯಲು ನಮಗೆ ಬಾಯಿ ಬಾರದು.

ದ್ರಾಕ್ಷಿ ಕೊಳ್ಳುವಾಗ ಸಿಹಿಯೋ ಹುಳಿಯೋ ಎಂದು ಒಂದು ಹಣ್ಣನ್ನು ತೊಳೆಯದೆಯೇ ಬಾಯಿಗೆ ಹಾಕಿ ನೋಡುತ್ತೇವೆ. ಕಡೆಯ ಔಷಧ ಎಂದು ಹೊಡೆದದ್ದೆಂದು ಕೇಳುವುದಿಲ್ಲ. ಕೇಳಿದರೂ ಗಾಡಿಯವನಿಗೆ ತಿಳಿಯದು, ಬೆಳೆದವನೇ ಬಲ್ಲ. ಬೆಳೆದವರಲ್ಲಿ ಕೆಲವರು ನಮ್ಮ ಬೀಗರು, ಕೆಲವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ಮೊದಲು ಅವರನ್ನೇ ಕೇಳುವವರಿದ್ದೇವೆ.