ಸಾರ್ವಜನಿಕ ಭೂಮಿಯ ವಿದ್ಯೆ ಯಾರ ಹೊಲಕ್ಕೆ?

(ರೈತರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಲೆ, ಸಾಲದ ಮಾತು ಬಿಟ್ಟು ಅಮೆರಿಕದ ವಿಶ್ವವಿದ್ಯಾನಿಲಯದ ಕಥೆ ಹೇಳೋಕೆ ನಿಂತಿದ್ದೀನಿ. ಇದರಿಂದ ನಮಗೇನಾಗಬೇಕು ಅಂತ ನಿಮಗನ್ನಿಸಬಹುದು. ಸ್ವಲ್ಪ ತಾಳಿ. ಕಥೆ ಸುತ್ತಿ ಬಳಸಿ ನಮ್ಮ ಹೊಲದ ಬದುವಿಗೇ ಬರುತ್ತೆ.

1862ರಲ್ಲಿ ಅಬ್ರಹಾಂ ಲಿಂಕನ್ ಮೊರಿಲ್ ಕಾಯಿದೆಗೆ ಸಹಿ ಹಾಕಿದರು. ಒಂದೊಂದು ರಾಜ್ಯವೂ ಕೇಂದ್ರ ಶಾಸನಸಭೆಗೆ ಕಳಿಸುವ ಸದಸ್ಯರ ತಲೆಗೆ 30,000 ಎಕರೆಯಂತೆ ಸರ್ಕಾರಿ ಜಮೀನು ಪಡೆಯಬೇಕು. ಅದನ್ನು ಮಾರಿ, ಬಂದ ಹಣ ಹೂಡಿ, ಅದರ ಹುಟ್ಟುವಳಿಯಲ್ಲಿ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ನಡೆಸಬೇಕು. ಉಳುವವನ ಮಗನೂ, ದುಡಿಯುವವನ ಮಗನೂ ಓದಲಿ ಅನ್ನೋದು ಉದ್ದೇಶ. 1887ರ ಹ್ಯಾಚ್ ಕಾಯಿದೆಯಿಂದ ಪ್ರಯೋಗ ಕೇಂದ್ರಗಳು ಬಂದವು. 1914ರ ಸ್ಮಿತ್-ಲೀವರ್ ಕಾಯಿದೆಯಿಂದ ಆ ವಿದ್ಯೆಯನ್ನು ಹಳ್ಳಿಗೆ ಮುಟ್ಟಿಸುವ ವಿಸ್ತರಣಾ ಕೆಲಸ ಬಂತು. ಪಾಠ, ಪ್ರಯೋಗ, ವಿಸ್ತರಣೆ: ಮೂರು ಕಲ್ಲಿನ ಒಲೆ.

ಆದರೆ ಆ ಸರ್ಕಾರಿ ಜಮೀನು ಸರ್ಕಾರಕ್ಕೆ ಎಲ್ಲಿಂದ ಬಂತು? ಅಲ್ಲಿನ ಮೂಲನಿವಾಸಿಗಳಿಂದ. 2020ರಲ್ಲಿ ಪತ್ರಕರ್ತರು ಹಳೇ ದಾಖಲೆ ತೆಗೆದು ಲೆಕ್ಕ ಹಾಕಿದರು. ಸುಮಾರು 250 ಬುಡಕಟ್ಟುಗಳ ಕೈಬಿಟ್ಟ ಒಂದು ಕೋಟಿ ಎಕರೆಗೂ ಮೀರಿದ ಭೂಮಿ ಈ ಕಾಲೇಜುಗಳಿಗೆ ಬಂಡವಾಳವಾಗಿತ್ತು. ಕೆಲವರಿಗೆ ಪುಡಿಗಾಸು ಸಿಕ್ಕಿತು, ಕೆಲವರಿಗೆ ಅದೂ ಇಲ್ಲ. ಕರಿಯರ ಮಕ್ಕಳನ್ನಂತೂ ದಕ್ಷಿಣದ ರಾಜ್ಯಗಳು ಹೊರಗೇ ಇಟ್ಟವು. 1890ರ ಕಾಯಿದೆ ಬಂದ ಮೇಲೂ ಅವರಿಗೆ ಬೇರೆ ಕಾಲೇಜು ಕಟ್ಟಿದರೇ ಹೊರತು ಒಳಗೆ ಕರೀಲಿಲ್ಲ.

ಈಗ ಒಂದೇ ರಾಜ್ಯ ತಗೊಳ್ಳೋಣ. ಕ್ಯಾಲಿಫೋರ್ನಿಯಾ. ಅದಕ್ಕೆ ಸಿಕ್ಕಿದ್ದು 1,50,000 ಎಕರೆ. 1868ರಲ್ಲಿ ಅಲ್ಲಿ ವಿಶ್ವವಿದ್ಯಾನಿಲಯ ಶುರುವಾಯಿತು. ಅದರ ಡೇವಿಸ್ ಕೇಂದ್ರದಲ್ಲಿ ವಿಜ್ಞಾನಿಗಳು ಟೊಮೇಟೊ ಕೀಳುವ ಯಂತ್ರ ಮಾಡಿದರು. ಮೆತ್ತನೆ ಹಣ್ಣು ಯಂತ್ರಕ್ಕೆ ಸಿಕ್ಕರೆ ಹಿಸುಕಿಹೋಗುತ್ತೆ. ಅದಕ್ಕೆ ಜ್ಯಾಕ್ ಹ್ಯಾನಾ ಅನ್ನೋರು ಏಟು ತಡೆಯುವ, ಒಟ್ಟಿಗೇ ಹಣ್ಣಾಗುವ ತಳಿ ಮಾಡಿಕೊಟ್ಟರು. ಯಂತ್ರಕ್ಕೆ ತಕ್ಕ ಹಣ್ಣು! ಮೆಕ್ಸಿಕೋದಿಂದ ಕೂಲಿಗಳನ್ನು ಕರೆಸುವ ಸರ್ಕಾರಿ ವ್ಯವಸ್ಥೆ 1964ರ ಕೊನೆಗೆ ನಿಂತಿತು. ಅಲ್ಲಿಂದ ಐದಾರು ವರ್ಷದಲ್ಲಿ ಕಾರ್ಖಾನೆಗೆ ಹೋಗುವ ಟೊಮೇಟೊ ಹೆಚ್ಚುಕಮ್ಮಿ ಪೂರಾ ಯಂತ್ರದ ಪಾಲಾಯಿತು.

ಟೊಮೇಟೊ ಬೆಳೆ ಕಮ್ಮಿಯಾಗಲಿಲ್ಲ, ಹೆಚ್ಚಿತು. ಕಮ್ಮಿಯಾದವನು ಬೆಳೆಯುವವನು. 1960ರ ದಶಕದ ಆರಂಭದಲ್ಲಿ ಸುಮಾರು 4,000 ಬೆಳೆಗಾರರಿದ್ದರು. 1973ಕ್ಕೆ ಉಳಿದವರು ಸುಮಾರು 600. ಹತ್ತಾರು ಸಾವಿರ ಡಾಲರಿನ ಯಂತ್ರ, ತುಂಡು ಹಿಡುವಳಿಯವನಿಗೆ ಗಿಟ್ಟಲಿಲ್ಲ. ಸಾವಿರಾರು ಕೂಲಿಗಳ ಕೆಲಸವೂ ಹೋಯಿತು.

1979ರಲ್ಲಿ ಕೂಲಿಗಳು, ಸಣ್ಣ ರೈತರ ಪರವಾದ ಸಂಘಟನೆಯವರು ಸೇರಿ ವಿಶ್ವವಿದ್ಯಾನಿಲಯದ ಮೇಲೆ ದಾವೆ ಹಾಕಿದರು. ಸಾರ್ವಜನಿಕ ಹಣದಲ್ಲಿ ಮಾಡಿದ ಸಂಶೋಧನೆ ದೊಡ್ಡ ಕುಳಗಳಿಗೆ ಮಾತ್ರ ಲಾಭ ತಂದಿತು ಅನ್ನೋದು ಅವರ ದೂರು. ವಿಶ್ವವಿದ್ಯಾನಿಲಯದ ವಾದವೂ ತೆಗೆದುಹಾಕುವಂಥದ್ದಲ್ಲ: ಯಂತ್ರ ಬರದಿದ್ದರೆ ಬೆಳೆಯೇ ರಾಜ್ಯ ಬಿಟ್ಟು ಹೋಗುತ್ತಿತ್ತು, ಸಂಶೋಧಕನ ಕೈ ಕಟ್ಟಬಾರದು. 1987ರಲ್ಲಿ ಕೆಳ ನ್ಯಾಯಾಲಯ, ಸಂಶೋಧನೆಗೆ ಹಣ ಕೊಡುವಾಗ ಸಣ್ಣ ರೈತನ ಹಿತವನ್ನೂ ಪರಿಶೀಲಿಸಬೇಕು ಅಂತ ಹೇಳಿತು. 1989ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಹತ್ತು ವರ್ಷ ಅಲೆದು ಬರಿಗೈ.

ನಮಗೂ ಇದಕ್ಕೂ ಏನು ನಂಟು? ನಮ್ಮ ಕೃಷಿ ವಿಶ್ವವಿದ್ಯಾನಿಲಯಗಳು ಇದೇ ಅಚ್ಚಿನಲ್ಲಿ ಎರಕ ಹೊಯ್ದವು. 1960ರಲ್ಲಿ ಪಂತನಗರ, ಇಲಿನಾಯ್ ವಿಶ್ವವಿದ್ಯಾನಿಲಯದ ನೆರವಿನಿಂದ. 1964ರಲ್ಲಿ ಬೆಂಗಳೂರು, ಅದಕ್ಕೆ ಟೆನೆಸ್ಸಿಯವರ ನೆರವು. ಒಳ್ಳೇದೇ ಆಗಿಲ್ಲ ಅಂದರೆ ನಾಲಿಗೆ ಬಿದ್ದುಹೋದೀತು. ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎರಡೆಕರೆಯವನೂ ಬಿತ್ತಬಹುದು, ಇಪ್ಪತ್ತೆಕರೆಯವನೂ ಬಿತ್ತಬಹುದು. ಮುಂದಿನ ವರ್ಷದ ಬೀಜ ಕಣದಲ್ಲೇ ಎತ್ತಿಡಬಹುದು, ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ. ಅದೂ ಸಂಶೋಧನೆ, ಟೊಮೇಟೊ ಯಂತ್ರವೂ ಸಂಶೋಧನೆ. ವ್ಯತ್ಯಾಸ ಗೊತ್ತಾಯ್ತಲ್ಲ?

ಇನ್ನೊಂದು ಮಾತು, ಸ್ವಲ್ಪ ಖಾರವಾಗಿರುತ್ತೆ. 'ಆಳು ಸಿಗೋಲ್ಲ, ಯಂತ್ರ ಬಂದರೆ ಸಾಕು' ಅಂತ ನಾವೂ ಅಂತೀವಿ. ನಾನೂ ಅಂದಿದ್ದೀನಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಕಳಕೊಂಡವನು ಕೂಲಿಯವನೊಬ್ಬನೇ ಅಲ್ಲ. ಅವನ ಹಿಂದೆಯೇ ಸಣ್ಣ ಹಿಡುವಳಿದಾರನೂ ಹೋದ. ಕೂಲಿಯವನು ಹೋಗುವಾಗ ನಾವು ಸುಮ್ಮನಿದ್ದರೆ, ನಮ್ಮ ಸರದಿ ಬಂದಾಗ ಕೇಳೋರು ಯಾರು? ಯಂತ್ರ ಬೇಡ ಅಂತ ನಾನು ಹೇಳ್ತಿಲ್ಲ. ಎರಡೆಕರೆಗೆ ಒಗ್ಗುವ ಯಂತ್ರ ಮಾಡಿ ಅಂತ ಕೇಳೋ ಹಕ್ಕು ನಮಗಿದೆ, ಆ ಸಂಸ್ಥೆ ನಡೆಯೋದು ನಮ್ಮೆಲ್ಲರ ತೆರಿಗೆಯಲ್ಲಿ.

ಈ ಸಾರಿ ಕೃಷಿ ಮೇಳಕ್ಕೆ ಹೋದಾಗ ಬರೀ 'ಇಳುವರಿ ಎಷ್ಟು ಸ್ವಾಮಿ' ಅಂತ ಕೇಳಿ ವಾಪಸ್ ಬರಬೇಡಿ. ಎಕರೆಗೆ ಖರ್ಚೆಷ್ಟು? ಬೀಜ ಮತ್ತೆ ಮತ್ತೆ ಕೊಳ್ಳಬೇಕಾ? ಎಲ್ಲರೂ ಇದನ್ನೇ ಬೆಳೆದರೆ ಪೇಟೆಯಲ್ಲಿ ಬೆಲೆ ಏನಾಗುತ್ತೆ? ಇದಕ್ಕೆ ಹಣ ಕೊಟ್ಟವರು ಯಾರು? ಈ ನಾಲ್ಕು ಪ್ರಶ್ನೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಉತ್ತರ ಸಿಗೋ ತನಕ ಮಳಿಗೆ ಮುಂದಿಂದ ಕದಲಬೇಡಿ.