ಸದಸ್ಯರ ಮಾಹಿತಿಯೂ ಒಂದು ಠೇವಣಿ



ರಜತ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸಂಘ ಎಷ್ಟು ಸಾಲ ಕೊಟ್ಟಿತು, ಎಷ್ಟು ವಸೂಲಾಯಿತು, ಎಷ್ಟು ಡಿವಿಡೆಂಡ್ ಹಂಚಿತು ಎಂಬುದನ್ನು ಹಿರಿಯರು ಈಗಾಗಲೇ ತಿಳಿಸಿದ್ದಾರೆ. ಕಚೇರಿಯ ಮೇಜಿನ ಹಿಂದೆ ಕೂರುವ ನಾವು ಇನ್ನೊಂದು ಠೇವಣಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಅದು ಅಢಾವೆ ಪತ್ರಿಕೆಯಲ್ಲಿ ಬರೋದಿಲ್ಲ. ಅದು ನಿಮ್ಮೆಲ್ಲರ ಸ್ವಂತ ಮಾಹಿತಿ.

ಒಬ್ಬ ರೈತ ಬೆಳೆ ಸಾಲಕ್ಕೆ ಅರ್ಜಿ ಹಾಕಿದರೆ ನಮ್ಮ ಕೈಗೆ ಏನೆಲ್ಲ ಬರುತ್ತದೆ, ನೋಡಿ. ಆಧಾರ್ ಸಂಖ್ಯೆ, ಪಹಣಿ, ಬ್ಯಾಂಕ್ ಖಾತೆ, ಮೊಬೈಲ್ ನಂಬರು, ಫೋಟೋ, ಸಹಿ ಇಲ್ಲವೇ ಹೆಬ್ಬೆಟ್ಟು, ಹಳೇ ಬಾಕಿ. ಕಂತು ಮುಂದಕ್ಕೆ ಹಾಕಿ ಅಂತ ಬರೆದ ಅರ್ಜಿಯಲ್ಲಿ ಮನೆಯವರ ಕಾಯಿಲೆ, ಅಣ್ಣತಮ್ಮಂದಿರ ವ್ಯಾಜ್ಯವೂ ಇರುತ್ತದೆ. ಸ್ವಂತ ನೆಂಟರಿಗೆ ಹೇಳದ್ದನ್ನು ಸದಸ್ಯ ಸಂಘಕ್ಕೆ ಹೇಳುತ್ತಾನೆ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದಲೂ ನಮ್ಮ ಚಳವಳಿ ನಿಂತಿರೋದು ಇಂಥ ನಂಬಿಕೆಯ ಮೇಲೆ.

ಮೊದಲು ಈ ಕಾಗದಗಳು ಬೀರುವಿನ ಬೀಗದೊಳಗಿದ್ದವು. 2022ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗ ಅಂಥ ಎಐ, ಅಂದರೆ ಕೃತಕ ಬುದ್ಧಿಮತ್ತೆಯ ಸಾಧನಗಳು ಎಲ್ಲರ ಮೊಬೈಲಿನಲ್ಲೂ ಇವೆ. ಸುತ್ತೋಲೆಯ ಸಾರಾಂಶ ಕೇಳಿದರೆ ಕೊಡುತ್ತವೆ, ಮಹಾಸಭೆಯ ನೋಟೀಸನ್ನು ಕನ್ನಡದಲ್ಲೇ ಬರೆದುಕೊಡುತ್ತವೆ. ಅರ್ಧ ದಿನದ ಕೆಲಸ ಐದು ನಿಮಿಷಕ್ಕೆ ಮುಗಿಯುತ್ತದೆ. ಇದನ್ನು ಬೇಡ ಅನ್ನೋದು ಜಾಣತನವಲ್ಲ.

ಆದರೆ ಒಂದು ವಿಷಯ ತಿಳಿದಿರಬೇಕು. ನಾವು ಟೈಪ್ ಮಾಡಿದ ಅಕ್ಷರವಾಗಲಿ, ಕಳಿಸಿದ ಫೋಟೋ ಆಗಲಿ ನಮ್ಮ ಫೋನಿನಲ್ಲೇ ಉಳಿಯೋದಿಲ್ಲ. ಅಂತರ್ಜಾಲದ ಮೂಲಕ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಆ ಕಂಪ್ಯೂಟರ್ ಬೇರೆ ದೇಶದಲ್ಲಿರಬಹುದು. ಅಲ್ಲಿ ಪ್ರತಿ ಉಳಿಯುತ್ತದೆ. ಹಲವು ಉಚಿತ ಸೇವೆಗಳಲ್ಲಿ ನಾವು ಬೇಡ ಎಂದು ಸೆಟ್ಟಿಂಗ್ ಬದಲಿಸದಿದ್ದರೆ ಯಂತ್ರವನ್ನು ಕಲಿಸುವುದಕ್ಕೂ ಅದನ್ನು ಬಳಸಿಕೊಳ್ಳಬಹುದು. ನಮ್ಮ ಕಡೆ ಅಳಿಸಿದ ಮಾತ್ರಕ್ಕೆ ಅಲ್ಲಿ ಆ ಕ್ಷಣವೇ ಅಳಿಯುತ್ತದೆ ಅಂತ ಭರವಸೆಯಿಲ್ಲ.

ದೊಡ್ಡವರಿಗೂ ಇದರ ಬಿಸಿ ತಟ್ಟಿದೆ. 2023ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಯಲ್ಲಿ ಒಂದು ದೋಷ ಉಂಟಾಗಿ, ಕೆಲವರಿಗೆ ಬೇರೆಯವರ ಸಂಭಾಷಣೆಗಳ ಶೀರ್ಷಿಕೆಗಳು ಕಾಣಿಸಿಕೊಂಡವು. ಅದೇ ವರ್ಷ ಸ್ಯಾಮ್‌ಸಂಗ್ ಕಂಪನಿಯ ನೌಕರರು ಕಂಪನಿಯ ಗೋಪ್ಯ ಪ್ರೋಗ್ರಾಮುಗಳನ್ನು ಅದಕ್ಕೆ ಹಾಕಿದ್ದು ಗೊತ್ತಾಗಿ, ಮೇ ತಿಂಗಳಲ್ಲಿ ಕಂಪನಿ ಅಂಥ ಸಾಧನಗಳ ಬಳಕೆಗೆ ತಡೆ ಹಾಕಿತು. 2025ರ ಜನವರಿಯಲ್ಲಿ ನಮ್ಮ ಕೇಂದ್ರ ಹಣಕಾಸು ಸಚಿವಾಲಯವೂ ಕಚೇರಿಯ ಕಂಪ್ಯೂಟರುಗಳಲ್ಲಿ ಇವನ್ನು ಬಳಸಬೇಡಿ ಎಂದು ತನ್ನ ನೌಕರರಿಗೆ ಸೂಚಿಸಿತು.

ಕೆಲವರು ಹೇಳ್ತಾರೆ: "ಹಳ್ಳೀಲಿ ಗುಟ್ಟು ಎಲ್ಲಿದೆ ಸ್ವಾಮಿ? ಯಾರಿಗೆ ಎಷ್ಟು ಸಾಲ ಅನ್ನೋದು ಎಲ್ಲರಿಗೂ ಗೊತ್ತು." ಅರಳಿಕಟ್ಟೆಯ ಮಾತು ಬೇರೆ, ದಾಖಲೆ ಬೇರೆ. ಕಟ್ಟೆಯ ಮೇಲೆ ಯಾರೂ ಆಧಾರ್ ನಂಬರು ಹೇಳೋದಿಲ್ಲ. ಯಂತ್ರಕ್ಕೆ ಕೊಟ್ಟಿದ್ದೆಲ್ಲ ಕಳ್ಳರ ಪಾಲಾಗುತ್ತದೆ ಅಂತ ನಾವು ಹೇಳುತ್ತಿಲ್ಲ. ಆದರೆ ಎಲ್ಲಿಂದಲಾದರೂ ಸೋರಿದರೆ ಆಗುವ ಅನಾಹುತ ಯೋಚಿಸಿ. ಅಪರಿಚಿತನೊಬ್ಬ ಫೋನ್ ಮಾಡಿ, ಹೆಸರು, ಸರ್ವೆ ನಂಬರು, ಬಾಕಿ ಮೊತ್ತ ಸರಿಯಾಗಿ ಹೇಳಿ "ಓಟಿಪಿ ಕೊಡಿ, ಬಡ್ಡಿ ಮನ್ನಾ ಆಗುತ್ತೆ" ಅಂದರೆ, ನಮ್ಮ ತಾಯಂದಿರು ನಂಬದೇ ಇರ್ತಾರೆಯೇ? ಅವರ ವರ್ಷದ ದುಡಿಮೆ ಒಂದು ಫೋನ್ ಕರೆಗೆ ಹೋದೀತು.

ಆದ್ದರಿಂದ ನಮ್ಮ ಸಲಹೆ ಇಷ್ಟೇ. ಯಂತ್ರಕ್ಕೆ ಕೆಲಸ ಕೊಡಿ, ಮನುಷ್ಯರನ್ನು ಕೊಡಬೇಡಿ. ವಸೂಲಿ ನೋಟೀಸು ಬರೆಸಬೇಕೆ? "ಸದಸ್ಯ ಅ, ಬಾಕಿ ಇಷ್ಟು ರೂಪಾಯಿ, ಕಂತು ತಪ್ಪಿ ಮೂರು ತಿಂಗಳು" ಅಂದರೆ ಸಾಕು. ನಿಜವಾದ ಹೆಸರು, ಮೊತ್ತಗಳನ್ನು ಆಮೇಲೆ ಕಚೇರಿಯಲ್ಲೇ ತುಂಬಿಕೊಳ್ಳಬಹುದು. ಆಧಾರ್ ಪ್ರತಿ, ಪಾಸ್‌ಬುಕ್ಕು, ಹೆಬ್ಬೆಟ್ಟು, ಸಹಿ ಇವುಗಳ ಫೋಟೋ ಹಾಕಲೇಬಾರದು.

ಹೆಸರು ತೆಗೆದರೂ ಹಳ್ಳಿಯಲ್ಲಿ ಗುರುತು ಉಳಿಯುತ್ತದೆ, ಇದು ಮುಖ್ಯ. "ದೇವಸ್ಥಾನದ ಬೀದಿಯ, ಮೂರೆಕರೆ ಅಡಿಕೆ ತೋಟದ ವಿಧವೆ" ಅಂದರೆ ಹೆಸರು ಬೇಕೇ? ಅಂಥ ವಿವರವನ್ನೂ ಬಿಡಬೇಕು.

ಇನ್ನು ಆಡಳಿತ ಮಂಡಳಿಗೆ ಒಂದು ಅರಿಕೆ. ಯಾವ ಸಾಧನ, ಯಾರು ಬಳಸಬೇಕು, ಯಾವ ಕೆಲಸಕ್ಕೆ ಎಂಬುದನ್ನು ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನೌಕರನ ಸ್ವಂತ ಖಾತೆಯಲ್ಲಿ ಸಂಘದ ಕೆಲಸ ಬೇಡ. ಅವನು ಕೆಲಸ ಬಿಟ್ಟ ದಿನ ಆ ಸಂಭಾಷಣೆಗಳೂ ಅವನ ಜೊತೆಗೇ ಹೋಗುತ್ತವೆ.

ಇದು ಬರೀ ಒಳ್ಳೆಯತನದ ಮಾತಲ್ಲ, ಕಾನೂನೂ ಇದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಕಾಪಾಡದವರಿಗೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಸೋರಿಕೆಯಾದರೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂದೂ ಕಾಯ್ದೆ ಹೇಳುತ್ತದೆ. ಹಾಗಾಗಿ ಯಾವ ನೌಕರನ ಕೈಯಿಂದ ಏನೇ ಆಗಲಿ, ಮುಚ್ಚಿಡದೆ ಅಂದೇ ತಿಳಿಸುವ ವಾತಾವರಣ ಇರಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ನಷ್ಟ ಸದಸ್ಯನಿಗೆ.

ಸದಸ್ಯ ಬಾಂಧವರೇ, ನೀವೂ ಕೇಳಿ. "ನನ್ನ ಕಾಗದ ಎಲ್ಲಿಟ್ಟಿದ್ದೀರಿ, ಯಾರು ನೋಡ್ತಾರೆ" ಅಂತ ಧಾರಾಳವಾಗಿ ಕೇಳಿ. ಠೇವಣಿ ಇಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ; ಉತ್ತರ ಕೊಡೋದು ನಮ್ಮ ಕರ್ತವ್ಯ. ಇಪ್ಪತ್ತೈದು ವರ್ಷ ನಿಮ್ಮ ದುಡ್ಡಿಗೆ ಲೆಕ್ಕ ಕೊಟ್ಟ ಸಂಘ ಇನ್ನು ಮುಂದೆ ನಿಮ್ಮ ಮಾಹಿತಿಗೂ ಲೆಕ್ಕ ಕೊಡುವಂತಾಗಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.